ವಸಡಿನಂಚಿನ ನಾಲ್ಕು ಹಲ್ಲು: ಎರಡು ಸಲ ಬಿದ್ದ ಸಿಮೆಂಟಿನ ಪ್ರಕರಣ

ಕೆಳದವಡೆಯ ಎಡಗಡೆ, ಒಂದೇ ಸಾಲಿನಲ್ಲಿ ನಾಲ್ಕು ಹಲ್ಲು. ನಾಲ್ಕರಲ್ಲೂ ಕೆನ್ನೆಯ ಬದಿಗೆ, ವಸಡಿಗೆ ತಾಗಿದಂತೆ ಹಳ್ಳ. ಅದರಲ್ಲಿ ಒಂದಕ್ಕೆ ಎರಡು ವರ್ಷದೊಳಗೆ ಎರಡು ಸಲ ಸಿಮೆಂಟ್ ತುಂಬಿಸಿದ್ದಾರೆ, ಎರಡೂ ಸಲ ಬಿದ್ದಿದೆ. ರೋಗಿ 57 ವರ್ಷದವರು, ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ರೈಟರ್ (ತೋಟದ ಲೆಕ್ಕ ಬರೆಯುವವರು). ಕ್ಲಿನಿಕ್ ಇರುವುದು ಚಿಕ್ಕಮಗಳೂರಿನಲ್ಲಿ. ಡಿಸೆಂಬರ್ ಕೊನೆಯ ವಾರ, ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿದೆ, ರೊಬಸ್ಟಾ ಶುರುವಾಗಬೇಕು. ಬಸ್ಸು ಹಿಡಿದು ಪದೇಪದೇ ಬರುವುದು ಅವರಿಂದ ಆಗದ ಮಾತು. (ಇದು ಒಬ್ಬ ವ್ಯಕ್ತಿಯ ಕಡತವಲ್ಲ. ಈ ಭಾಗದ ಬಾಯಿಗಳಲ್ಲಿ ಮತ್ತೆಮತ್ತೆ ಕಾಣುವ ಸಂಗತಿಗಳನ್ನು ಒಂದೇ ಬಾಯಿಗೆ ಜೋಡಿಸಿ ಬರೆದದ್ದು.)

ಅವರ ಬೇಡಿಕೆ ಒಂದೇ: "ಡಾಕ್ಟ್ರೇ, ಈ ಸಲ ಗಟ್ಟಿ ಸಿಮೆಂಟ್ ಹಾಕ್ಬಿಡಿ. ದುಡ್ಡು ಎಷ್ಟಾದ್ರೂ ಆಗ್ಲಿ."

ಗಟ್ಟಿತನದ ಲೆಕ್ಕ ಇಲ್ಲಿ ಹೆಚ್ಚು ನಡೆಯುವುದಿಲ್ಲ. ದವಡೆ ಹಲ್ಲಿನ ಅಗಿಯುವ ಮೇಲ್ಮೈಯಲ್ಲಿ ಸಿಮೆಂಟಿನ ಶಕ್ತಿ ಮುಖ್ಯ, ವಸಡಿನ ಅಂಚಿನಲ್ಲಿ ಅದಕ್ಕೆ ಕಚ್ಚುವ ಭಾರ ನೇರವಾಗಿ ಬೀಳುವುದೇ ಇಲ್ಲ. ಅಲ್ಲಿ ಮುಖ್ಯವಾಗುವ ಪ್ರಶ್ನೆ ಎರಡು. ತುಂಬುವ ಆ ನಾಲ್ಕೈದು ನಿಮಿಷ ಜಾಗ ಒಣಗಿರುತ್ತದೆಯೇ? ಹಳ್ಳದ ಕೆಳ ಅಂಚು ಹಲ್ಲಿನ ಹೊರಗಿನ ಗಟ್ಟಿ ಕವಚವಾದ ಎನಾಮಲ್ ಮೇಲಿದೆಯೋ, ಬೇರಿನ ಮೇಲಿದೆಯೋ? ಇವೆರಡಕ್ಕೆ ಹಲ್ಲು ಹಲ್ಲಿಗೂ ಬೇರೆ ಉತ್ತರ ಬಂದರೆ ವಸ್ತುವೂ ಹಲ್ಲು ಹಲ್ಲಿಗೂ ಬೇರೆಯಾಗಬೇಕು. ಈ ಬಾಯಲ್ಲಿ ಆದದ್ದೂ ಅದೇ.

ಬಾಯಿ ನೋಡಿದಾಗ

ಮೊದಲು ನೋಡಬೇಕಾದದ್ದು ಹಲ್ಲನ್ನಲ್ಲ, ಕೆನ್ನೆಯನ್ನು. ರೈಟರ್ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ದಿನಕ್ಕೆ ಎಂಟು ಹತ್ತು ಸಲ ಹಾಕುತ್ತಾರೆ, ಜಗಿದ ಉಂಡೆಯನ್ನು ಎಡಗೆನ್ನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕೆನ್ನೆಯ ಒಳಭಾಗ ಮೆದುವಾಗಿದೆ, ಬಿಳಿಯ ಅಥವಾ ಕೆಂಪು ಮಚ್ಚೆ ಇಲ್ಲ, ಬಾಯಿ ತೆರೆದಾಗ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ 38 ಮಿ.ಮೀ. ಕೆಲಸಕ್ಕೆ ಸಾಕು. ಎರಡು ವಾರಕ್ಕೂ ಹೋಗದ ಮಚ್ಚೆ ಇದ್ದಿದ್ದರೆ ಸಿಮೆಂಟಿನ ಮಾತು ಅಲ್ಲಿಗೇ ನಿಲ್ಲಿಸಿ ಬಯಾಪ್ಸಿಗೆ ಕಳಿಸಬೇಕಿತ್ತು.

ಅಡಿಕೆ ಹಾಕುವವರ ಹುಳುಕಿಗೆಲ್ಲ ಅಡಿಕೆಯೇ ಕಾರಣ ಎಂದು ಹೇಳಿಬಿಡುವುದು ಸುಲಭ. ಆದರೆ ಸುಣ್ಣ ಕ್ಷಾರ, ಹುಳುಕು ಹುಟ್ಟುವುದು ಆಮ್ಲದಿಂದ. ಉಂಡೆ ಮಾಡುವ ಕೆಡುಕು ಬೇರೆ ಬಗೆಯದು: ಅದು ಕೂತ ಜಾಗದಲ್ಲಿ ವಸಡು ಕೆರಳಿ ಕೆಳಗೆ ಸರಿಯುತ್ತದೆ, ಬೇರು ಬಯಲಾಗುತ್ತದೆ. ಬಯಲಾದ ಬೇರನ್ನು ಕೊಳೆಸುವುದು ಬೆಲ್ಲದ ಕಾಫಿ. ಎನಾಮಲ್ ಕರಗಲು ಬಾಯಿಯ ಪಿಎಚ್ (ಇದು ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕೆ ಇಳಿಯಬೇಕು, ಬೇರಿನ ಮೇಲ್ಮೈ 6.2ರಿಂದ 6.7ರ ನಡುವೆಯೇ ಕರಗತೊಡಗುತ್ತದೆ. ಒಂದೊಂದು ಸಿಹಿ ಲೋಟಕ್ಕೂ ಅರ್ಧ ಗಂಟೆಯಷ್ಟು ಹೊತ್ತು ಬಾಯಿ ಆಮ್ಲೀಯವಾಗಿರುತ್ತದೆ. ಕಣದಲ್ಲಿ ಕೂತು ದಿನಕ್ಕೆ ಆರೇಳು ಲೋಟ ಗುಟುಕು ಗುಟುಕಾಗಿ ಕುಡಿದರೆ ಬೇರಿಗೆ ಸುಧಾರಿಸಿಕೊಳ್ಳಲು ಬಿಡುವೇ ಇಲ್ಲ.

ಇನ್ನೂ ಎರಡು ವಿಷಯ ಕೇಳಿದರಷ್ಟೇ ಹೊರಬಂದವು. ಬಿಪಿಗೆ ಆಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಈ ಮಾತ್ರೆ ಕೆಲವರಲ್ಲಿ ವಸಡನ್ನು ಊದಿಸಿ ಬೆಳೆಸುತ್ತದೆ, ಪಾಚಿ ಕಟ್ಟಿದ ಬಾಯಲ್ಲಿ ಇನ್ನೂ ಹೆಚ್ಚು. ಇವರ ದವಡೆ ಹಲ್ಲಿನ ಬಳಿ ವಸಡು ದಪ್ಪಗಾಗಿ ಹಳ್ಳದ ಮೇಲೆ ಮಡಚಿಕೊಂಡಿತ್ತು. ಮಾತ್ರೆ ಬದಲಿಸಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನು ಕೇಳಲು ಒಂದು ಚೀಟಿ ಕಳಿಸಬಹುದು. ರೋಗಿ ತಾನಾಗಿ ನಿಲ್ಲಿಸಬಾರದು ಎಂದು ಬಿಡಿಸಿ ಹೇಳಲೇಬೇಕು. ಇನ್ನೊಂದು, ಹಲ್ಲುಜ್ಜುವುದು ಇದ್ದಿಲು ಉಪ್ಪಿನ ಪುಡಿಯಲ್ಲಿ, ಗಟ್ಟಿ ಬ್ರಷ್ಷಿನಲ್ಲಿ, ಅಡ್ಡಡ್ಡ ತಿಕ್ಕಿ. ಬಲಗೈಯವರ ಒತ್ತಡ ಎಡಗಡೆಯ ಕೋರೆ ಹಲ್ಲು ಮತ್ತು ಅದರ ಹಿಂದಿನೆರಡರ ಮೇಲೆ ಹೆಚ್ಚು ಬೀಳುತ್ತದೆ. ಸವೆತ ಇದ್ದದ್ದೂ ಅಲ್ಲೇ.

ಜೊಲ್ಲನ್ನು ಐದು ನಿಮಿಷ ಲೋಟಕ್ಕೆ ಉಗುಳಿಸಿ ಅಳೆದಾಗ ಸುಮಾರು 1 ಮಿ.ಲೀ., ಅಂದರೆ ನಿಮಿಷಕ್ಕೆ 0.2. ನಿಮಿಷಕ್ಕೆ 0.1ಕ್ಕಿಂತ ಕಡಿಮೆ ಇದ್ದರೆ ಅದು ಒಣಬಾಯಿ, ಆಗ ಇಡೀ ಯೋಜನೆ ಬದಲಾಗುತ್ತದೆ.

ಹಲ್ಲುಗಳ ಸ್ಥಿತಿ ಹೀಗಿತ್ತು (ಅಂಕಿಗಳು ದಂತವೈದ್ಯರು ಒಂದೊಂದು ಹಲ್ಲಿಗೂ ಕೊಡುವ ಸಂಖ್ಯೆ, ಇಲ್ಲಿ ಕೋರೆಯಿಂದ ಹಿಂದಕ್ಕೆ 33ರಿಂದ 36). 33, ಕೋರೆ ಹಲ್ಲು: ಕೊಡಲಿ ಕಚ್ಚು ಹಾಕಿದಂಥ ತೋಡು, 1.5 ಮಿ.ಮೀ. ಆಳ. ಹಳದಿ, ಗಾಜಿನಂತೆ ಹೊಳಪು, ಗಟ್ಟಿ. ಹುಳುಕಿಲ್ಲ, ತಣ್ಣೀರಿಗೆ ಜುಮ್ಮೆನ್ನುತ್ತದೆ. ಕೆಳ ಅಂಚು ವಸಡಿಗಿಂತ ಅರ್ಧ ಮಿ.ಮೀ. ಮೇಲೆ, ನಕ್ಕರೆ ಕಾಣುತ್ತದೆ. 34: ಅದೇ ಬಗೆಯ ತೋಡು, 1 ಮಿ.ಮೀ.ಗೂ ಕಡಿಮೆ, ನೋವಿಲ್ಲ. 35: ಎರಡು ಸಲ ಸಿಮೆಂಟ್ ಬಿದ್ದ ಹಲ್ಲು. ಮೂಲೆಯಲ್ಲಿ ಹಳೆಯ ಜಿಐಸಿಯ (ಗ್ಲಾಸ್ ಅಯೋನೊಮರ್ ಸಿಮೆಂಟಿನ) ಚೂರು, ಅದರಡಿ ಕಂದು ಬಣ್ಣದ ಮೆತ್ತಗಿನ ಡೆಂಟಿನ್ (ಎನಾಮಲ್ ಒಳಗಿನ ಪದರ), ಅಂಚು ವಸಡಿನ ಸಮಕ್ಕೆ. 36: ಬೇರಿನ ಹುಳುಕು, ಅಗಲ 6 ಮಿ.ಮೀ., ಆಳ 2.5, ಕೆಳ ಅಂಚು ಊದಿದ ವಸಡಿನಡಿಗೆ 1 ಮಿ.ಮೀ. ಪ್ರೋಬ್ (ಪರೀಕ್ಷಿಸುವ ತೆಳು ಕಡ್ಡಿ) ತಾಗಿಸಿದರೆ ರಕ್ತ.

ತಣ್ಣನೆಯ ಪರೀಕ್ಷೆಗೆ ನಾಲ್ಕೂ ಹಲ್ಲು ಸ್ಪಂದಿಸಿದವು, ನೋವು ಎರಡು ಮೂರು ಸೆಕೆಂಡಿನಲ್ಲಿ ಅಡಗಿತು. ರಾತ್ರಿ ನೋವಿಲ್ಲ, ತಟ್ಟಿದರೆ ನೋವಿಲ್ಲ. ಹಾಗಾಗಿ ಬೇರುನಾಳ ಚಿಕಿತ್ಸೆಯ ಮಾತಿಲ್ಲ. ಎಕ್ಸ್‌ರೇ ಬಗ್ಗೆ ಒಂದು ಎಚ್ಚರಿಕೆ. ಕೆನ್ನೆ ಬದಿಯ ಹಳ್ಳ ಚಿತ್ರದಲ್ಲಿ ಹಲ್ಲಿನ ಒಡಲ ಮೇಲೆಯೇ ಬೀಳುವುದರಿಂದ ಆಳ ತಿಳಿಯುವುದಿಲ್ಲ. ಎರಡು ಹಲ್ಲುಗಳ ನಡುವೆ, ಎನಾಮಲ್ ಮುಗಿದು ಎಲುಬು ಶುರುವಾಗುವ ಮುನ್ನ ಕಾಣುವ ಕಪ್ಪು ಪಟ್ಟಿ ಬಹಳ ಸಲ ಹುಳುಕಲ್ಲ, ಕಿರಣಗಳು ಅಲ್ಲಿ ಸುಲಭವಾಗಿ ತೂರಿಹೋದ ಗುರುತು ಅಷ್ಟೇ. ಪ್ರೋಬ್ ಮುಟ್ಟಿಸಿ ಮೆತ್ತಗಿದೆಯೇ ಎಂದು ನೋಡದೆ ಆ ಕಪ್ಪನ್ನು ನಂಬಿ ಕೊರೆಯಬಾರದು.

ಹಿಂದಿನ ಸಿಮೆಂಟ್ ಯಾಕೆ ಬಿತ್ತು

ಮೂಲೆಯಲ್ಲಿ ಉಳಿದ ಚೂರೇ ಅರ್ಧ ಕಥೆ ಹೇಳುತ್ತದೆ. ಸುಣ್ಣದಂತೆ ಪೊರಪೊರ, ಉಗುರಿನಲ್ಲಿ ಕೆರೆದರೆ ಪುಡಿ. ಅಂದರೆ ಕಲಸಿದ್ದು ನೀರಾಗಿತ್ತು, ಇಲ್ಲವೇ ಗಟ್ಟಿಯಾಗುವ ಮೊದಲೇ ಜೊಲ್ಲು ತಾಗಿತ್ತು. ಸಾಲದ್ದಕ್ಕೆ ರಕ್ತ ಸುರಿಸುವ ವಸಡಿನ ಪಕ್ಕ ಅದೇ ದಿನ ತುಂಬಿದ್ದು, ಅದೇ ಸಂಜೆಯಿಂದ ಇದ್ದಿಲ ಪುಡಿ ಹಾಕಿ ಉಜ್ಜಿದ್ದು. ಕಚ್ಚುವ ಒತ್ತಡಕ್ಕೆ ಹಲ್ಲಿನ ಕುತ್ತಿಗೆ ಬಾಗಿ ಸಿಮೆಂಟ್ ಸಿಡಿಯುತ್ತದೆ ಎಂಬ ವಾದವೂ ಇದೆ, ಅದರ ಬಗ್ಗೆ ದಂತವೈದ್ಯರಲ್ಲೇ ಒಮ್ಮತವಿಲ್ಲ. ಪ್ರಾಯೋಗಿಕವಾಗಿ ಹೇಳುವುದಾದರೆ, ಬಿದ್ದ ಸಿಮೆಂಟಿಗೆ ಕಚ್ಚನ್ನು ದೂರುವ ಮೊದಲು ಒದ್ದೆಯನ್ನು ದೂರಬೇಕು.

ಹಾಗಾಗಿ ಮೊದಲ ಭೇಟಿಯಲ್ಲಿ ಒಂದು ಹಲ್ಲಿಗೂ ಶಾಶ್ವತ ಸಿಮೆಂಟ್ ಹಾಕಲಿಲ್ಲ. ರೈಟರಿಗೆ ಬೇಸರವಾಯಿತು, ಆದರೆ ಬೇರೆ ದಾರಿಯಿಲ್ಲ. ಪಾಚಿ ಕಲ್ಲು ತೆಗೆದು, 36ರ ಮೇಲ್ಪದರದ ಕೊಳೆತವನ್ನು ಎಕ್ಸ್‌ಕವೇಟರಿನಲ್ಲಿ ಬಾಚಿ ತಾತ್ಕಾಲಿಕವಾಗಿ ಮುಚ್ಚಲಾಯಿತು. ಮೆತ್ತನೆಯ ಬ್ರಷ್, 1000 ಪಿಪಿಎಂ ಫ್ಲೋರೈಡ್ ಪೇಸ್ಟ್, ಉಜ್ಜಿದ ಮೇಲೆ ಉಗುಳುವುದು ಮಾತ್ರ, ನೀರಲ್ಲಿ ಮುಕ್ಕಳಿಸಬಾರದು. ಎರಡು ವಾರ 0.2% ಕ್ಲೋರ್‌ಹೆಕ್ಸಿಡಿನ್ 10 ಮಿ.ಲೀ. ಬಾಯಲ್ಲಿ ಮುಕ್ಕಳಿಸಿ ಉಗುಳುವುದು, ದಿನಕ್ಕೆರಡು ಸಲ, ಪೇಸ್ಟ್ ಹಾಕಿ ಉಜ್ಜಿದ್ದಕ್ಕೂ ಇದಕ್ಕೂ ಅರ್ಧ ಗಂಟೆ ಅಂತರ. ಪೇಸ್ಟಿನ ನೊರೆಯ ಅಂಶ ಕ್ಲೋರ್‌ಹೆಕ್ಸಿಡಿನ್ನಿನ ಕೆಲಸ ಕೆಡಿಸುತ್ತದೆ.

ಎರಡು ವಾರಕ್ಕೆ ವಸಡು ಗುಲಾಬಿಗೆ ತಿರುಗಿತು, ಪ್ರೋಬಿಗೆ ರಕ್ತ ಬರುವುದು ಬಹುತೇಕ ನಿಂತಿತು. 36ರಲ್ಲಿ ಊತ ಇಳಿದು, ವಸಡಿನಡಿ 1 ಮಿ.ಮೀ. ಇದ್ದ ಅಂಚು ಅರ್ಧ ಮಿ.ಮೀ.ಗೆ ಬಂತು. ಈ ಅರ್ಧ ಮಿ.ಮೀ. ಗಳಿಕೆಯ ಬೆಲೆ ಯಾವ ದುಬಾರಿ ಸಿಮೆಂಟಿಗೂ ಇಲ್ಲ. ಅಂಚು ಎಲುಬಿಗೆ 2 ಮಿ.ಮೀ.ಗಿಂತ ಹತ್ತಿರ ಇದ್ದಿದ್ದರೆ ಮೊದಲು ವಸಡಿನ ಶಸ್ತ್ರಚಿಕಿತ್ಸೆ ಮಾಡಿ ಅಂಚನ್ನು ಹೊರತರಬೇಕಿತ್ತು, ಇಲ್ಲದಿದ್ದರೆ ಆ ಜಾಗದಲ್ಲಿ ವಸಡು ಯಾವತ್ತೂ ಕೆಂಪಗೇ ಇರುತ್ತದೆ.

36: ಗಟ್ಟಿ ಕಲಸಿನ ಜಿಐಸಿ

ಇಲ್ಲಿ ಅಂಚು ಪೂರ್ತಿ ಬೇರಿನ ಮೇಲೆ, ವಸಡಿನಡಿ, ಹುಳುಕಿನ ಅಪಾಯ ಹೆಚ್ಚು, ಅಂದದ ಪ್ರಶ್ನೆ ಇಲ್ಲ. ಕಾಂಪೋಸಿಟ್ (ಹಲ್ಲಿನ ಬಣ್ಣದ ರೆಸಿನ್, ಅಂದರೆ ಪ್ಲಾಸ್ಟಿಕ್ ಬಗೆಯ ತುಂಬುವ ವಸ್ತು) ಗಟ್ಟಿಯಾಗುವಾಗ ಗಾತ್ರದಲ್ಲಿ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರರಷ್ಟು ಕುಗ್ಗುತ್ತದೆ. ಎನಾಮಲ್ ಕಡೆ ಹಿಡಿತ ಬಲವಾಗಿರುವುದರಿಂದ ಕುಗ್ಗಿದ ಎಳೆತಕ್ಕೆ ಬೇರಿನ ಕಡೆಯ ಅಂಚು ಬಿಟ್ಟುಕೊಳ್ಳುತ್ತದೆ. 1972ರಲ್ಲಿ ವಿಲ್ಸನ್ ಮತ್ತು ಕೆಂಟ್ ಪ್ರಕಟಿಸಿದ ಗ್ಲಾಸ್ ಅಯೋನೊಮರ್ ಹಲ್ಲಿನ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿಯೇ ಕೂಡಿಕೊಳ್ಳುತ್ತದೆ, ಬಿಸಿ ತಂಪಿಗೆ ಡೆಂಟಿನ್ನಿನಷ್ಟೇ ಹಿಗ್ಗಿ ಕುಗ್ಗುತ್ತದೆ, ಫ್ಲೋರೈಡ್ ಬಿಡುತ್ತದೆ. ಅಮಾಲ್ಗಮ್ (ಪಾದರಸ ಬೆರೆತ ಬೆಳ್ಳಿ ಬಣ್ಣದ ಸಿಮೆಂಟ್) ಹಾಕುವುದಾದರೆ, ಪಾದರಸದ ಮಾತು ಹಾಗಿರಲಿ, ಅದು ನಿಲ್ಲಲು ಚೆನ್ನಾಗಿರುವ ಹಲ್ಲನ್ನು ಪೆಟ್ಟಿಗೆಯಂತೆ ಕೊರೆಯಬೇಕು, ಇಲ್ಲಿ ಕೊರೆಯುವಷ್ಟು ಹಲ್ಲು ಉಳಿದಿಲ್ಲ.

ಬಿಪಿ 148/90. ಲಿಗ್ನೊಕೇನ್ 2%, ಅಡ್ರಿನಲಿನ್ 1:2,00,000, ನಿಧಾನವಾಗಿ. ವಸಡು ಸರಿಸಲು 00 ಅಳತೆಯ ನೂಲನ್ನು 25% ಅಲ್ಯೂಮಿನಿಯಂ ಕ್ಲೋರೈಡಿನಲ್ಲಿ ಅದ್ದಿ ಒಳಗಿಟ್ಟು ಐದು ನಿಮಿಷ ಕಾದು, ಚೆನ್ನಾಗಿ ತೊಳೆದು, ನೂಲನ್ನು ಅಲ್ಲೇ ಬಿಟ್ಟು ಕೆಲಸ. ಫೆರಿಕ್ ಸಲ್ಫೇಟ್ ರಕ್ತವನ್ನು ಬೇಗ ನಿಲ್ಲಿಸುತ್ತದೆ ನಿಜ, ಅಂಚಿನಲ್ಲಿ ಕಪ್ಪು ಕಲೆ ಬಿಡುತ್ತದೆ.

ಹುಳುಕು ತೆಗೆಯುವಾಗ ಅಂಚಿನ ಸುತ್ತ ಒಂದು ಮಿ.ಮೀ.ಗೂ ಸ್ವಲ್ಪ ಹೆಚ್ಚು ಅಗಲ ಪೂರ್ತಿ ಗಟ್ಟಿ ಹಲ್ಲು ಸಿಗಬೇಕು. ಒಳಗಿನ ತಳದಲ್ಲಿ, ನರದ ಕಡೆ, ತೊಗಲಿನಂತಿರುವ ಡೆಂಟಿನ್ ಬಿಟ್ಟರೂ ನಡೆಯುತ್ತದೆ. ಎಲ್ಲವನ್ನೂ ಕೆರೆದು ಬೆಳ್ಳಗೆ ಮಾಡುವ ಹಟಕ್ಕೆ ಬಿದ್ದೇ ಬಹಳ ನರಗಳು ಬಯಲಾಗುತ್ತವೆ.

10% ಪಾಲಿಅಕ್ರಿಲಿಕ್ ಆಮ್ಲ 20 ಸೆಕೆಂಡ್ ಸವರಿ, ತೊಳೆದು, ಹತ್ತಿಯಲ್ಲಿ ಒತ್ತಿ ತೆಗೆಯುವುದು. ಗಾಳಿ ಹೊಡೆದು ಬಿಳಿಚುವಷ್ಟು ಒಣಗಿಸಬಾರದು, ಮೇಲ್ಮೈ ಮಸುಕಾಗಿ ಮಿನುಗಬೇಕು. ಕ್ಯಾಪ್ಸೂಲ್ ಇದ್ದರೆ ಕಲಸಿನ ಅಳತೆ ತಪ್ಪುವುದಿಲ್ಲ. ಕೈಯಲ್ಲಿ ಕಲಸುವುದಾದರೆ ಗಟ್ಟಿ ಜಿಐಸಿಗೆ ಸಾಮಾನ್ಯವಾಗಿ ಒಂದು ಚಮಚ ಪುಡಿಗೆ ಒಂದು ಹನಿ. ಚಮಚ ಮಟ್ಟಸ ಮಾಡಬೇಕು, ದ್ರವದ ಬಾಟಲಿ ನೆಟ್ಟಗೆ ತಲೆಕೆಳಗಾಗಿರಬೇಕು, ಗುಳ್ಳೆ ಬಂದ ಮೊದಲ ಹನಿಯನ್ನು ಬಿಟ್ಟುಬಿಡಬೇಕು. ಗುಳ್ಳೆ ಇದ್ದರೆ ಹನಿ ಸಣ್ಣದು, ಬಾಟಲಿ ಓರೆಯಾದರೂ ಹನಿಯ ಗಾತ್ರ ಬದಲಾಗುತ್ತದೆ, ಅಳತೆ ಅಲ್ಲೇ ಕೈಕೊಡುತ್ತದೆ. ಪುಡಿಯನ್ನು ಎರಡು ಪಾಲು ಮಾಡಿ ಅರ್ಧ ನಿಮಿಷದೊಳಗೆ ಕಲಸಿ ಮುಗಿಸುವುದು. ಮಲೆನಾಡಿನ ಮಳೆಗಾಲದಲ್ಲಿ ಪುಡಿ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಸಂಜೆ ಹೊತ್ತಿಗೆ ಪುಡಿ ತೇವ ಹೀರಿರುತ್ತದೆ, ಆ ಕಲಸು ನಂಬಿಕೆಗೆ ಅರ್ಹವಲ್ಲ.

ಕಲಸಿದ್ದು ಹೊಳೆಯುತ್ತಿರುವಾಗಲೇ ತುಂಬಬೇಕು. ಆ ಹೊಳಪೇ ಹಲ್ಲಿಗೆ ಅಂಟುವ ಆಮ್ಲ ಇನ್ನೂ ಉಳಿದಿದೆ ಎಂಬ ಗುರುತು. ಹೊಳಪು ಮಸುಕಾಗಿದ್ದರೆ ಒತ್ತಿ ತುಂಬುವ ಬದಲು ಬಿಸಾಡಿ ಹೊಸದು ಕಲಸುವುದೇ ಸೈ. ಮೇಲೆ ಪಾರದರ್ಶಕ ಕುತ್ತಿಗೆ ಮ್ಯಾಟ್ರಿಕ್ಸ್ (ಹಲ್ಲಿನ ಬುಡದ ಆಕಾರದ ತೆಳು ಅಚ್ಚು) ಒತ್ತಿ ಕದಲಿಸದೆ ಹಿಡಿದು, ಗಟ್ಟಿಯಾದ ಕೂಡಲೇ ರೆಸಿನ್ ಲೇಪ, ಅದಿಲ್ಲದಿದ್ದರೆ ಪೆಟ್ರೋಲಿಯಂ ಜೆಲ್ಲಿ. ಮೊದಲ ದಿನ ಜಿಐಸಿಗೆ ನೀರು ತಾಗಿದರೂ ಕಷ್ಟ, ಒಣಗಿದರೂ ಬಿರುಕು. ಕೊನೆಗೆ ನೂಲು ತೆಗೆಯುವುದು ಮರೆಯಬಾರದು. ಹಾಸ್ಯವಲ್ಲ, ಮರೆತುಹೋಗಿ ವಾರದ ಮೇಲೆ ವಸಡು ಕೀವಾಗಿ ಬರುವುದುಂಟು.

35: ರೆಸಿನ್ ಬೆರೆತ ಜಿಐಸಿ

ಎರಡು ಸಲ ಬಿದ್ದ ಹಲ್ಲು. ಅಂಚು ವಸಡಿನ ಸಮಕ್ಕಿದೆ, ನೂಲಿಟ್ಟರೆ ಒಣಗಿಸಬಹುದು, ಆದರೆ ವಸಡಿನೊಳಗಿಂದ ಒಸರುವ ದ್ರವವನ್ನು ಪೂರ್ತಿ ತಡೆಯಲಾಗದು. ವಸಡಿನಂಚಿನ ಸವೆತಗಳಲ್ಲಿ ಬೀಳದೆ ನಿಲ್ಲುವ ವಿಷಯದಲ್ಲಿ ದೀರ್ಘಕಾಲದ ಅಧ್ಯಯನಗಳು ಜಿಐಸಿ ಬಳಗವನ್ನು, ಅದರಲ್ಲೂ ರೆಸಿನ್ ಬೆರೆತದ್ದನ್ನು, ಒಳ್ಳೆಯ ಸ್ಥಾನದಲ್ಲಿ ಇಟ್ಟಿವೆ. ನೀಲಿ ದೀಪಕ್ಕೆ ತಕ್ಷಣ ಗಟ್ಟಿಯಾಗುವುದರಿಂದ ಮೊದಲ ನಿಮಿಷಗಳ ಜೊಲ್ಲಿನ ಭಯವೂ ಕಡಿಮೆ.

ಹಳೆಯ ಚೂರನ್ನೆಲ್ಲ ತೆಗೆದು, ಮೆತ್ತಗಿನ ಡೆಂಟಿನ್ ಬಾಚಿ, ಹೊಳಪುಳ್ಳ ಭಾಗವನ್ನು ಕೊರೆಯುವ ಯಂತ್ರದ ಡೈಮಂಡ್ ಬರ್‌ನಿಂದ ತರಿಮಾಡಬೇಕು. ಸವೆದು ಗಾಜಾದ ಡೆಂಟಿನ್ ಮೇಲೆ ಯಾವುದೂ ಚೆನ್ನಾಗಿ ಹಿಡಿಯುವುದಿಲ್ಲ. ಕಂಡೀಷನರ್ (ಆ ಪಾಲಿಅಕ್ರಿಲಿಕ್ ಆಮ್ಲ) ಮೊದಲಿನಂತೆಯೇ. ಅಳತೆ ಮಾತ್ರ ಬೇರೆ, ಈ ಬಗೆಯ ಕೆಲವು ಉತ್ಪನ್ನಗಳಲ್ಲಿ ಒಂದು ಚಮಚಕ್ಕೆ ಎರಡು ಹನಿ. ಎರಡೂ ಬಗೆಯ ಜಿಐಸಿ ಇರುವ ಕ್ಲಿನಿಕ್ಕಿನಲ್ಲಿ ಚಮಚಗಳು ಅದಲುಬದಲಾಗುವುದು ಹೆಚ್ಚು, ಜೊತೆಗೆ ಬರುವ ಸೂಚನೆಯ ಹಾಳೆ ನೋಡಿ ಬಾಟಲಿಗೇ ಚಮಚ ಕಟ್ಟಿಡುವುದು ಲೇಸು. ಒಂದು ಪದರ 1.8 ಮಿ.ಮೀ. ಮೀರದಂತೆ, ಪ್ರತಿ ಪದರಕ್ಕೆ 20 ಸೆಕೆಂಡ್ ಬೆಳಕು.

ಬೆಳಕಿನ ಬಗ್ಗೆಯೂ ಹೇಳಬೇಕು. ಕರೆಂಟ್ ಹೋಗಿಬರುವ ಕಡೆ ಬ್ಯಾಟರಿ ದೀಪ ಉರಿಯುವುದೇನೋ ಉರಿಯುತ್ತದೆ, ಶಕ್ತಿ ಇಳಿದಿರುವುದು ಕಣ್ಣಿಗೆ ಗೊತ್ತಾಗದು. ತುದಿಗೆ ಅಂಟಿದ ಹಳೆ ಕಾಂಪೋಸಿಟ್ ಚೂರೂ ಬೆಳಕನ್ನು ತಡೆಯುತ್ತದೆ. ವಾರಕ್ಕೊಮ್ಮೆ ರೇಡಿಯೋಮೀಟರಿಗೆ (ಬೆಳಕಿನ ಶಕ್ತಿ ಅಳೆಯುವ ಉಪಕರಣಕ್ಕೆ) ಹಿಡಿದು ನೋಡಬೇಕು.

33: ಕಾಂಪೋಸಿಟ್

ಮಿಕ್ಕ ಮೂರಕ್ಕೂ ಇದಕ್ಕೂ ವ್ಯತ್ಯಾಸ ಸ್ಪಷ್ಟ. ಮೇಲಂಚಿನಲ್ಲಿ ಒಳ್ಳೆಯ ಎನಾಮಲ್, ಕೆಳಂಚು ವಸಡಿನಿಂದ ಹೊರಗೆ, ನಕ್ಕರೆ ಕಾಣುವ ಜಾಗ. ಇದನ್ನು ಮುಂದಿನ ಭೇಟಿಗೆ, ಹತ್ತು ದಿನದ ಮೇಲೆ, ಮಾಡಲಾಯಿತು.

ಬಣ್ಣ ನೋಡುವುದು ಎಲ್ಲಕ್ಕಿಂತ ಮೊದಲು, ಹಲ್ಲು ಒದ್ದೆ ಇರುವಾಗ, ಕಿಟಕಿಯ ಬೆಳಕಿನಲ್ಲಿ. ಒಣಗಿದ ಹಲ್ಲು ಬಿಳಿಚಿ ಮೋಸ ಮಾಡುತ್ತದೆ. ಬಣ್ಣದ ಪಟ್ಟಿಯಲ್ಲಿ ಇವರಿಗೆ ಹೊಂದಿದ್ದು ಎ3.5. ಪ್ಯೂಮಿಸ್‌ನಲ್ಲಿ ತೊಳೆದು, ತೋಡಿನ ಹೊಳಪನ್ನು ತರಿಮಾಡಿ, ಎನಾಮಲ್ ಅಂಚಿಗೆ ಮಾತ್ರ ಅರ್ಧದಿಂದ ಒಂದು ಮಿ.ಮೀ. ಓರೆ ಕೊಡುವುದು. ವಸಡಿನ ಕಡೆ ಓರೆ ಬೇಡ. ರಬ್ಬರ್ ಡ್ಯಾಮ್ (ಹಲ್ಲನ್ನು ಜೊಲ್ಲಿನಿಂದ ಬೇರೆಮಾಡುವ ರಬ್ಬರ್ ಹಾಳೆ) 212ನೇ ನಂಬರಿನ ಕ್ಲಾಂಪಿನೊಡನೆ ಕೂರಿಸಿದರೆ ವಸಡು ಕೆಳಗೆ ಸರಿದು ಅಂಚು ಸ್ಪಷ್ಟವಾಗುತ್ತದೆ. ಕ್ಲಾಂಪ್ ಅಲುಗದಂತೆ ಪಕ್ಕದಲ್ಲಿ ಕಾಂಪೌಂಡ್ ಒತ್ತಬೇಕು, ಅಲುಗಿದ ಕ್ಲಾಂಪ್ ಬೇರನ್ನು ಗೀರುತ್ತದೆ. ನೂಲಿಡುವುದಾದರೆ ಇಲ್ಲಿ ಔಷಧಿ ಇಲ್ಲದ ಒಣ ನೂಲು, ಏಕೆಂದರೆ ಅಲ್ಯೂಮಿನಿಯಂ ಕ್ಲೋರೈಡ್ ಉಳಿದರೆ ಬಾಂಡಿನ (ಕಾಂಪೋಸಿಟನ್ನು ಹಲ್ಲಿಗೆ ಅಂಟಿಸುವ ದ್ರವದ) ಹಿಡಿತ ಕುಗ್ಗುತ್ತದೆ.

37% ಫಾಸ್ಫಾರಿಕ್ ಆಮ್ಲ ಎನಾಮಲ್ ಅಂಚಿಗಷ್ಟೇ, 15 ಸೆಕೆಂಡ್. ತೊಳೆದು, ಯುನಿವರ್ಸಲ್ ಬಾಂಡನ್ನು ಇಡೀ ತೋಡಿಗೆ 20 ಸೆಕೆಂಡ್ ತಿಕ್ಕಿ ತಿಕ್ಕಿ ಹಚ್ಚಬೇಕು, ಸವರಿ ಬಿಡುವುದಲ್ಲ. ಆಮೇಲೆ ದ್ರವದ ಅಲೆ ನಿಲ್ಲುವತನಕ ಮೆಲ್ಲಗೆ ಗಾಳಿ, 10 ಸೆಕೆಂಡ್ ಬೆಳಕು. ಬಾಂಡನ್ನು ಮೊದಲೇ ತಟ್ಟೆಗೆ ಸುರಿದಿಟ್ಟರೆ ಅದರ ದ್ರಾವಕ ಆರಿಹೋಗಿ ಹಿಡಿತ ಹೋಗುತ್ತದೆ. ಮೊದಲ ಪದರ ವಸಡಿನ ಕಡೆಗೆ 1 ಮಿ.ಮೀ. ಓರೆಯಾಗಿ, ಎರಡನೆಯದು ಎನಾಮಲ್ ಕಡೆಗೆ. ಪದರಕ್ಕೆ 20 ಸೆಕೆಂಡ್, ಕೊನೆಯದಕ್ಕೆ ಗ್ಲಿಸರಿನ್ ಜೆಲ್ ಸವರಿ ಮತ್ತೊಮ್ಮೆ. ಬರೀ ಫ್ಲೋಯಬಲ್ (ತೆಳುವಾಗಿ ಹರಿಯುವ ಕಾಂಪೋಸಿಟ್) ಹರಿಸಿ ಎರಡೇ ನಿಮಿಷದಲ್ಲಿ ಮುಗಿಸುವ ರೂಢಿ ಇದೆ, ಸಾಮಾನ್ಯವಾಗಿ ಅದು ಹೆಚ್ಚು ಕುಗ್ಗುವ ವಸ್ತು. ತೆಳು ಮೊದಲ ಪದರವಾಗಿ ಸರಿ, ಇಡೀ ತೋಡಿಗೆ ಬೇಡ.

34ಕ್ಕೆ ಏನೂ ಹಾಕಲಿಲ್ಲ. ನೋವಿಲ್ಲ, ಹುಳುಕಿಲ್ಲ, ಆಳವಿಲ್ಲ. ಆಳವನ್ನು ಅಳೆದು ಬರೆದು, ಫೋಟೋ ತೆಗೆದಿಟ್ಟದ್ದೇ ಅದಕ್ಕೆ ಚಿಕಿತ್ಸೆ. "ಪಕ್ಕದ್ದಕ್ಕೆಲ್ಲ ಹಾಕಿ ಇದನ್ಯಾಕೆ ಬಿಟ್ರಿ?" ಎಂದು ರೈಟರ್ ಕೇಳಿದರು. ಉಜ್ಜುವ ಕ್ರಮ ಬದಲಾದರೆ ಅದು ಹಾಗೇ ನಿಲ್ಲುತ್ತದೆ ರೈಟ್ರೇ, ಸಿಮೆಂಟ್ ಹಾಕಿದರೆ ಅದನ್ನು ಕಾಯುವ ಕೆಲಸ ಶುರುವಾಗುತ್ತದೆ ಎಂದದ್ದಕ್ಕೆ ಒಪ್ಪಿದರು. ಅದೇ ಭೇಟಿಯಲ್ಲಿ 35, 36ರ ಪಾಲಿಶ್. ಜಿಐಸಿಗೆ ಆಮ್ಲೀಯ ಫ್ಲೋರೈಡ್ ಜೆಲ್ ಹಚ್ಚಬಾರದು, ಅದು ಸಿಮೆಂಟಿನ ಮೈಯನ್ನೇ ತಿನ್ನುತ್ತದೆ. ತಟಸ್ಥ ಸೋಡಿಯಂ ಫ್ಲೋರೈಡ್ ಆಗಬಹುದು.

ಮೂರು ತಿಂಗಳ ಮೇಲೆ

ರೊಬಸ್ಟಾ ಕೊಯ್ಲು ಮುಗಿಸಿ ಏಪ್ರಿಲ್ ಕೊನೆಗೆ ಬಂದರು. ಸಿಮೆಂಟ್ ಮೂರೂ ಜಾಗದಲ್ಲಿವೆ, ತಣ್ಣೀರಿನ ಜುಮ್ಮು ಹೋಗಿದೆ. ಆದರೂ 36ರ ಬಳಿ ವಸಡಿನ ಒಂದು ಮೂಲೆ ಕೆಂಪು, ಪ್ರೋಬಿಗೆ ರಕ್ತ. ಮ್ಯಾಟ್ರಿಕ್ಸ್ ಒತ್ತಿದಾಗ ಹಿಂಬದಿಯ ಮೂಲೆಯಲ್ಲಿ ತುಣುಕು ಜಿಐಸಿ ಅಂಚು ದಾಟಿ ಹರಿದಿತ್ತು, ಅದರಡಿ ಪಾಚಿ. 12ನೇ ನಂಬರ್ ಬ್ಲೇಡಿನಲ್ಲಿ ಕೆತ್ತಿ, ಹಳದಿ ಪಟ್ಟಿಯ ಅತಿ ನಯದ ಬರ್‌ನಲ್ಲಿ ನೀರು ಹಾಯಿಸುತ್ತಾ ಸಮ ಮಾಡಲಾಯಿತು. ತುಂಬಿದ ದಿನವೇ ನೂಲು ತೆಗೆಯುವ ಮೊದಲು ಆ ಮೂಲೆಗೆ ಪ್ರೋಬ್ ಆಡಿಸಿದ್ದರೆ ಸಿಕ್ಕುತ್ತಿತ್ತು. 33ರಲ್ಲಿ ಮೇಲಂಚಿಗೆ ಕೂದಲೆಳೆಯಷ್ಟು ಕಂದು ಗೆರೆ. ಆಮ್ಲ ತಾಗದ ಎನಾಮಲ್ ಮೇಲೆ ಹರಡಿದ್ದ ತೆಳು ಕಾಂಪೋಸಿಟ್ ಅಡಿಗೆ ಕಾಫಿಯ ಬಣ್ಣ ಇಳಿದಿತ್ತು. ಡಿಸ್ಕಿನಲ್ಲಿ ಉಜ್ಜಿದರೆ ಹೋಯಿತು, ಹುಳುಕಲ್ಲ. 35 ಗಟ್ಟಿಯಾಗಿತ್ತು, ಮೈ ಮಾತ್ರ ಸ್ವಲ್ಪ ತರಿ.

ಇದ್ದಿಲ ಪುಡಿ ಬಿಟ್ಟಿದ್ದರು. ಕಾಫಿ ಮೂರು ಲೋಟಕ್ಕೆ ಇಳಿದಿತ್ತು. ಎಲೆಅಡಿಕೆ ಬಿಟ್ಟಿರಲಿಲ್ಲ. ಎಡಗಡೆ ಸಿಮೆಂಟ್ ಹಾಳಾಗಬಾರದೆಂದು ಉಂಡೆಯನ್ನು ಬಲಗೆನ್ನೆಗೆ ಬದಲಾಯಿಸಿಕೊಂಡಿದ್ದರು. ಬಲಗಡೆ 45ರ ಬೇರಿನ ಮೇಲೆ, ವಸಡಿನಂಚಿನಲ್ಲಿ, ಹೊಸದಾಗಿ ಒಂದು ಮಿ.ಮೀ. ಅಗಲದ ಕಂದು ಕಲೆ. ಮುಟ್ಟಿದರೆ ತೊಗಲಿನಂತೆ, ಇನ್ನೂ ಗುಳಿ ಬಿದ್ದಿಲ್ಲ. ಬರ್ ಮುಟ್ಟಿಸಲಿಲ್ಲ, 5% ಸೋಡಿಯಂ ಫ್ಲೋರೈಡ್ ವಾರ್ನಿಶ್ ಹಚ್ಚಲಾಯಿತು. ಬಲಗೆನ್ನೆಯ ಒಳಭಾಗವನ್ನು ಮತ್ತೆ ಪೂರ್ತಿ ನೋಡಿ ಬರೆದಿಡಲಾಯಿತು. ಮುಂದಿನ ಭೇಟಿ ಜುಲೈನಲ್ಲಿ, 45ಕ್ಕೆ ಮತ್ತೊಂದು ಸುತ್ತು ವಾರ್ನಿಶ್ ಮತ್ತು 34ರ ಆಳದ ಅಳತೆಗೆ.